ಅಜ್ಜನಿಗೆ ಮೊದಲ ಕಾಫಿ

ಮೆಟ್ಟಿಲ ಬುಡ

ನಾನು ಮೊದಲ ಸಲ ಮೆರಿವೆಲ್ ಚೇಂಬರ್ಸಿನ ಮೆಟ್ಟಿಲ ಬುಡದಲ್ಲಿ ನಿಂತ ಬೆಳಿಗ್ಗೆ ಅಲ್ಲಿ ಮೂವರಿದ್ದರು. ಒಬ್ಬ ನನ್ನ ತಮ್ಮ ಮಂಜುನಾಥ. ಮುಂಬಯಿಯ ಫೋರ್ಟಿನಲ್ಲಿರುವ ಆ ಹಳೆಯ ಆಫೀಸು ಬಿಲ್ಡಿಂಗಿನಲ್ಲಿ, ದೊಡ್ಡ ಮೆಟ್ಟಿಲ ಕೆಳಗಿನ ಪುಟ್ಟ ಕ್ಯಾಂಟೀನು ಅವನದು. ಇನ್ನೊಬ್ಬರು ಲಿಫ್ಟ್ ನಡೆಸುವ ಸಿದ್ದಪ್ಪ. ವಿಜಯಪುರದ ಕಡೆಯವರು, ಬಿಳಿ ಮೀಸೆ, ಖಾಕಿ ಅಂಗಿ, ಕಿವಿಯ ಮೇಲೆ ಸದಾ ಒಂದು ಪೆನ್ನು. ಮೂರನೆಯವನು ಅಜ್ಜ. ಅಜ್ಜನಿಗೆ ಮುಖ ಮಾತ್ರ ಇತ್ತು. ಗೋಡೆಯ ಕಲ್ಲಿನಿಂದ ಹೊರಗೆ ಇಣುಕಿದ, ಎಳೆ ಹಲಸಿನಕಾಯಿಯಷ್ಟು ದೊಡ್ಡ ಮುಖ. ಎರಡೂ ಕಡೆ ಮೇಲಕ್ಕೆ ತಿರುಚಿದ ಮೀಸೆ, ಅದರಲ್ಲಿ ಒಂದರ ತುದಿ ಮುರಿದಿತ್ತು. ಹಣೆಗೆ ಕುಂಕುಮ. ಬಾಯಿ ಮಾತ್ರ ಊಟಕ್ಕೆ ಕೂತು ಬಡಿಸುವವರನ್ನು ಕಾಯುವವನ ಹಾಗೆ ಉರುಟಾಗಿ ತೆರೆದಿತ್ತು.

ಮಂಜುನಾಥ ಆ ದಿನದ ಮೊದಲ ಲೋಟ ಕಾಫಿ ಬೆರೆಸಿದ. ನಾನು ಕೈ ಚಾಚಿದೆ. ಅವನು ನನ್ನ ಕೈಯನ್ನು ದಾಟಿ ಹೋಗಿ ಅದನ್ನು ಅಜ್ಜನ ಬಾಯಿಗೆ ಹೊಯ್ದ. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದಿಂದ ಇಳಿಯಿತು. ಗಲ್ಲದ ಕೆಳಗಿನ ಕಲ್ಲಿನ ತೊಟ್ಟಿಯಲ್ಲಿ ನೆನೆಹಾಕಿದ್ದ ಲೋಟಗಳ ಮೇಲೆ ಬಿತ್ತು.

"ಅಜ್ಜಂದ್ ಆಯ್ತ್. ಇನ್ ನೀ ಕುಡಿ ಅಕ್ಕ," ಎಂದ.

ಇದು ನನಗೆ ಹೊಸತಲ್ಲ. ಆ ಕ್ಯಾಂಟೀನು ಮೊದಲು ನಮ್ಮ ಸೋದರಮಾವ ಶೀನಮಾವನದು. ಅಲ್ಲಿ ಅಜ್ಜನಿಗೆ ಕೊಡದೆ ಒಂದು ಹನಿಯೂ ಕೌಂಟರು ದಾಟುವುದಿಲ್ಲ ಎಂದು ಮಾವ ಊರಿಗೆ ಬಂದಾಗಲೆಲ್ಲ ಹೇಳುತ್ತಿದ್ದ. ಹೊಸತಾಗಿ ಕಂಡದ್ದು ಅದರ ಮುಂದಿನದು. ಮಂಜುನಾಥ ಲಕ್ಷ್ಮಿಯ ಚಿತ್ರವಿದ್ದ ಒಂದು ದೊಡ್ಡ ಕ್ಯಾಲೆಂಡರನ್ನು ತಂದು ಅಜ್ಜನ ಮುಖದ ಮೇಲೆ ತೂಗುಹಾಕಿದ. ತೊಟ್ಟಿಯ ಮುಂದೆ ಇಡ್ಲಿ ಬೇಯಿಸುವ ಅಟ್ಟೆಗಳನ್ನು ಪೇರಿಸಿದ.

"ಎಂತದಾ ಇದ್? ಅಜ್ಜಂಗೆ ಮುಸ್ಕ್ ಹಾಕುದಾ?"

"ಮೆಲ್ಲ ಮಾತಾಡ್ ಮಾರಾಯ್ತಿ. ಗ್ವಾಡಿಗೂ ಕೆಮಿ ಇರತ್ತ್."

"ಕೆಮಿ ಎಂತಕೆ, ಇಲ್ಲಿ ಗ್ವಾಡಿಗೆ ಬಾಯೇ ಇತ್ತಲಾ," ಎಂದೆ.

ಸಿದ್ದಪ್ಪ ನಕ್ಕರು. ತಮ್ಮ ನಗಲಿಲ್ಲ. ಅವನು ನಗದಿದ್ದರೆ ವಿಷಯ ದೊಡ್ಡದೆಂದು ಅವನ ಮೂರನೆಯ ವರ್ಷದಿಂದಲೂ ನನಗೆ ಗೊತ್ತು.

ವಿಷಯ ಹೀಗೆ. ಬಿಲ್ಡಿಂಗಿನ ಮಾಲೀಕರು ಅದನ್ನು ಹಳೆಯ ಅಂದದಲ್ಲೇ ರಿಪೇರಿ ಮಾಡಿಸಲು ಹೊರಟಿದ್ದರು. ನೇಹಾ ಎಂಬ ಹುಡುಗಿ, ಆರ್ಕಿಟೆಕ್ಟು, ಎರಡು ತಿಂಗಳಿಂದ ಟೇಪು ಹಿಡಿದು ಬರುತ್ತಿದ್ದಳು. ಕಟ್ಟಿದಾಗಿನದೆಲ್ಲ ಉಳಿಯಬೇಕು, ಆಮೇಲೆ ಸೇರಿಸಿದ್ದು ಅದಕ್ಕೆ ಅಡ್ಡವಾದರೆ ಹೋಗಬೇಕು. ಇಷ್ಟೇ ನಿಯಮ. ಒಂದು ದಿನ ಅವಳು ಮಂಜುನಾಥನ ಕೌಂಟರಿನ ಮೇಲೆಯೇ ಹಳೆಯ ನಕ್ಷೆಯನ್ನು ಬಿಡಿಸಿ, ಕೆಳಗಿನ ಅಂತಸ್ತಿನಲ್ಲಿ ಎಲ್ಲೋ ಒಂದು ಕುಡಿಯುವ ನೀರಿನ ಕಾರಂಜಿ ಇತ್ತು, ಎಲ್ಲಿ ಎಂದು ತಿಳಿಯುತ್ತಿಲ್ಲ, ಆ ಕಡೆಯ ಕಾಗದವನ್ನು ಗೆದ್ದಲು ತಿಂದಿದೆ, ಅದರ ಚಿತ್ರ ಮಾತ್ರ ಉಳಿದಿದೆ ಎಂದು ತೋರಿಸಿದ್ದಳು. ಮಂಜುನಾಥ ಬಗ್ಗಿ ನೋಡಿದ. ಚಿತ್ರದಲ್ಲಿ ಮೀಸೆ ತಿರುಚಿದ ಒಂದು ಮುಖ, ಅದರ ಬಾಯಿಂದ ಬೀಳುವ ನೀರು, ಕೆಳಗೆ ತೊಟ್ಟಿ. ಅವನ ಬೆನ್ನ ಹಿಂದೆ, ಇಡ್ಲಿಯ ಹಬೆಯ ಆಚೆ, ಅದೇ ಮುಖ. ಹಬೆ ಇದ್ದದ್ದರಿಂದ ಅವಳಿಗೆ ಕಾಣಲಿಲ್ಲ. ಆ ಮಧ್ಯಾಹ್ನವೇ ಲಕ್ಷ್ಮಿ ಬಂದಳು.

"ಅಜ್ಜ ಸಿಕ್ಕಿದ್ರೆ ಕ್ಯಾಂಟೀನ್ ಹೋಯ್ತ್, ಅಕ್ಕ. ಶುಕ್ರವಾರ ರಿಪೋರ್ಟ್ ಕೊಡ್ತಾಳಂಬ್ರ್. ಅಷ್ಟೊರಿಗೆ ಸುಮ್ನಿದ್ರೆ ಸಾಕ್."

"ಸುಮ್ನಿಪ್ಪುಕೆ ನಾನ್ ಎಂತಕೆ?"

ನನ್ನ ಕೆಲಸ ಇದ್ದದ್ದು ಅಲ್ಲಿಯೇ. ಕ್ಯಾಂಟೀನು ಎಷ್ಟು ಹಳೆಯದು ಎಂದು ಹೇಳಬಲ್ಲ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ನೇಹಾ ಕೇಳಿದ್ದಳಂತೆ. ಶೀನಮಾವ ಈಗಿಲ್ಲ. ಅವನ ಕಥೆಗಳೆಲ್ಲ ನನ್ನ ಹತ್ತಿರ ಇವೆ. ನಾನು ಬಂದು ಎಲ್ಲವನ್ನೂ ಹೇಳಬೇಕು, ಅಜ್ಜನೊಬ್ಬನನ್ನು ಬಿಟ್ಟು. ಸಾರು ಬಡಿಸು, ಆದರೆ ಹುಳಿಯನ್ನು ಪಾತ್ರೆಯಲ್ಲೇ ಬಿಡು ಎಂದ ಹಾಗಾಯಿತು.

ಮುಲುಂಡಿನಿಂದ ಗೇಟಿನವರೆಗೆ

ನಾನು ಅಲ್ಲಿಗೆ ತಲುಪಿದ್ದನ್ನೂ ಹೇಳಬೇಕು; ಇಲ್ಲದಿದ್ದರೆ ಇಡೀ ಬಿಲ್ಡಿಂಗು ನನ್ನನ್ನು ಫಾರಿನ್ ಅಕ್ಕ ಎಂದು ಏಕೆ ಕರೆಯಿತೆಂದು ತಿಳಿಯುವುದಿಲ್ಲ.

ನಮ್ಮ ಕುಂದಾಪುರದ ಕಡೆ ಹಿಂದೆ ಬೊಂಬಾಯಿಗೆ ಹೋಗುವುದೂ ಪರದೇಶಕ್ಕೆ ಹೋಗುವುದೂ ಒಂದೇ ಆಗಿತ್ತು. ಶೀನಮಾವ ಹೊರಡುವಾಗ ನಮ್ಮ ಅಜ್ಜಿ ಅವನ ಪೆಟ್ಟಿಗೆಗೆ ಊರಿನ ಮಣ್ಣು ಒಂದು ಹಿಡಿ ಹಾಕಿದ್ದಳಂತೆ. ಅವಳ ಮಾತು ಕೇಳಿಯೇ ಬೆಳೆದ ನಾನು, ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಹೊರಟಾಗ, ಪಾಸ್‌ಪೋರ್ಟು ತೆಗೆದುಕೊಂಡು ಹೋದೆ. ನನ್ನ ಹತ್ತಿರ ಪಾಸ್‌ಪೋರ್ಟು ಇದ್ದದ್ದಕ್ಕೆ ಕಾರಣ ನಮ್ಮ ಭಜನಾ ಮಂಡಳಿ. ಎಲ್ಲರೂ ನೇಪಾಳಕ್ಕೆ ಹೋಗುವುದೆಂದು ಹದಿನಾಲ್ಕು ಹೆಂಗಸರು ಪಾಸ್‌ಪೋರ್ಟು ಮಾಡಿಸಿದೆವು. ನೇಪಾಳಕ್ಕೆ ಅದು ಬೇಡವೆಂದು, ಅದು ಕೈಗೆ ಬಂದ ಮೇಲೆ ಗೊತ್ತಾಯಿತು. ಆ ಬೇಸರದಲ್ಲಿ ನೇಪಾಳವೂ ನಿಂತಿತು. ಪುಸ್ತಕ ಹೊಸದಾಗಿಯೇ ಉಳಿಯಿತು.

ತಮ್ಮನ ಮನೆ ಮುಲುಂಡಿನಲ್ಲಿ. ಬೆಳಿಗ್ಗೆ ನಾದಿನಿ ಸುಜಾತ ನನ್ನನ್ನು ಲೋಕಲ್ಲಿನ ಹೆಂಗಸರ ಡಬ್ಬಿಗೆ ಹತ್ತಿಸಿ ತಾನೂ ಹತ್ತಿದಳು. ನನ್ನ ನರೆತ ತಲೆ ನೋಡಿ ಒಬ್ಬಳು ಎದ್ದು ಜಾಗ ಕೊಟ್ಟಳು. ಕೂತು ಸೀರೆ ಸರಿಮಾಡಿಕೊಳ್ಳುವ ಮೊದಲೇ ಎದುರಿಗೆ ನಿಂತವಳು ಬಾಗಿ, "ಆಂಟಿ, ಕಹಾಂ?" ಎಂದಳು. ಎಷ್ಟು ಅಕ್ಕರೆಯ ಊರು ಎನಿಸಿತು. ನನಗೆ ಬರುವ ಹಿಂದಿಯಲ್ಲಿ, ಕುಂದಾಪುರದಿಂದ ಬಂದೆ, ತಮ್ಮನಿಗೆ ಒಂದು ಕಷ್ಟ ಬಂದಿದೆ, ಮೊಣಕಾಲು ನೋಯುತ್ತದೆ, ಕೊನೆಯ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ ಎಂದೆ. ಕೊನೆಯ ಸ್ಟೇಷನ್ನು ಎಂದದ್ದೇ ತಡ, ಅವಳು ಮುಖ ತಿರುಗಿಸಿದಳು. ಇನ್ನೊಬ್ಬಳು ಬಂದು "ಕಹಾಂ?" ಎಂದಳು. ಅವಳಿಗೂ ಹೇಳಿದೆ, ಈ ಸಲ ಮೊಣಕಾಲನ್ನು ಮೊದಲು. ಅವಳೂ ತಿರುಗಿದಳು. ಐದನೆಯವಳ ಹೊತ್ತಿಗೆ, ನಾನು ಇಳಿದರೆ ಯಾರು ಕೂರುವುದೆಂದು ಈಗಲೇ ಕಾದಿರಿಸುವ ಪದ್ಧತಿ ಇದು, ನನ್ನ ಯೋಗಕ್ಷೇಮವಲ್ಲ ಎಂದು ಸುಜಾತ ಕಿವಿಯಲ್ಲಿ ಹೇಳಿದಳು. ನಮ್ಮಲ್ಲಿ ಬಸ್ಸಿನಲ್ಲಿ ಎಲ್ಲಿಗೆ ಎಂದು ಕೇಳಿದವರು, ಯಾರ ಮನೆಗೆ, ಏನು ವಿಶೇಷ, ಮಗಳಿಗೆ ಗಂಡು ಗೊತ್ತಾಯಿತೇ ಎಂದು ಮುಂದುವರಿಯುತ್ತಾರೆ. ಇಲ್ಲಿ ಒಂದೇ ಪ್ರಶ್ನೆ. ಉತ್ತರ ಮೊಣಕಾಲಿನಷ್ಟು ಉದ್ದ ಇರಬಾರದು.

ಸುಜಾತ ನನ್ನನ್ನು ಬಿಟ್ಟು ಹೋದ ಮೆರಿವೆಲ್ ಚೇಂಬರ್ಸಿನ ಗೇಟಿನಲ್ಲಿ ಕಾವಲುಗಾರ ಗುರುತಿನ ಕಾರ್ಡು ಕೇಳಿದ. ನಾನು ಪಾಸ್‌ಪೋರ್ಟು ಕೊಟ್ಟೆ. ಅವನು ಎದ್ದು ನಿಂತ. ಒಂದೊಂದೇ ಹಾಳೆ ತಿರುವಿದ. ಎಲ್ಲ ಖಾಲಿ. ಸ್ವಲ್ಪ ಯೋಚಿಸಿ, ದೊಡ್ಡ ರಿಜಿಸ್ಟರಿನಲ್ಲಿ 'ಎಲ್ಲಿಂದ' ಎಂಬ ಕಡೆ 'ಫಾರಿನ್' ಎಂದು ಬರೆದು ನಮಸ್ಕಾರ ಮಾಡಿದ. ಹತ್ತು ನಿಮಿಷದಲ್ಲಿ ಸುದ್ದಿ ನಾಲ್ಕನೆಯ ಮಾಳಿಗೆಗೆ ಏರಿತ್ತು. ಏರಿಸಿದವರು ಸಿದ್ದಪ್ಪ, ಲಿಫ್ಟು ಅವರದೇ ಅಲ್ಲವೇ.

ಲಿಫ್ಟು

ಮಂಗಳವಾರ ನೇಹಾ ಬಂದಳು. ಜೀನ್ಸು, ಕುತ್ತಿಗೆಗೆ ಟೇಪು, ಕೂದಲಲ್ಲಿ ಸುಣ್ಣದ ಹುಡಿ. ಮನೆ ಕಾಂದಿವಲಿಯಲ್ಲಿ, ಅಪ್ಪ ಅಮ್ಮ ಮಂಗಳೂರಿನ ಕಡೆಯವರು.

"ಆಂಟಿ, ನನಗೆ ಕನ್ನಡ ಪೂರಾ ಅರ್ಥ ಆಗ್ತದೆ. ಮಾತಾಡ್ಲಿಕ್ಕೆ ಥೋಡಾ... ಅಟಕ್ ಜಾತಾ ಹೈ."

"ಸಿಕ್ಕಿಬಿದ್ರೆ ನಾನ್ ಎಳಿತೆ. ನೀ ಮಾತಾಡ್ ಮಗಾ," ಎಂದೆ.

ಲಿಫ್ಟು ಗಿಳಿಯ ಪಂಜರದ ಹಾಗಿತ್ತು. ಕಬ್ಬಿಣದ ಬಳ್ಳಿ, ಹಿತ್ತಾಳೆಯ ಹಿಡಿ, ಒಳಗೆ ಮರದ ಒಂದು ಪುಟ್ಟ ಬೆಂಚು. ಸಿದ್ದಪ್ಪ ಎರಡು ಬಾಗಿಲನ್ನೂ ಎಳೆದು ಮುಚ್ಚಿ ಎಡಗಡೆಯ ಸರಳಿಗೆ ಅಂಗೈಯಿಂದ ಎರಡು ಪೆಟ್ಟು ಹಾಕಿದರು. ಅದು ಮೇಲೆ ಹೊರಟಿತು.

"ಎಂತಕೆ ಹೊಡಿತ್ರಿ ಅದಕ್ಕೆ?" ಎಂದೆ.

"ಎತ್ತಿಗೆ ಹ್ಯಾಂಗ ರೀ ಅಕ್ಕಾರ, ಬಾಲ ಮುಟ್ಟಿದ್ರ ಹೊಂಡತೈತಿ. ಇದಕ್ಕ ಎಡಗಡೆ ಪಕ್ಕಿ ಮುಟ್ಟಬೇಕ್ರಿ. ಬಲಗಡೆ ಮುಟ್ಟಿದ್ರ ಎರಡನೇ ಮಾಳಿಗ್ಯಾಗ ಮಕ್ಕೊಂಡು ಬಿಡತೈತಿ. ಒಮ್ಮೆ ಒಬ್ಬ ವಕೀಲರು ತಾವ ಮುಟ್ಟಾಕ ಹೋಗಿ, ಕೋರ್ಟಿನ ತಾರೀಖು ಇದರಾಗ ಕಳದ್ರು."

ಹೀಗೆ ಏರುತ್ತ ನೇಹಾ ನನಗೆ ಆ ಕಟ್ಟಡದ ಚರಿತ್ರೆಯನ್ನು ಹೇಳಿದಳು. ಹತ್ತಿ ವ್ಯಾಪಾರದ ಒಂದು ಕಂಪನಿ ಅದನ್ನು ಕಟ್ಟಿಸಿತು. ಹೊರಗೋಡೆಗೆ ಇಲ್ಲೇ ಸುತ್ತಲಿನ ಗಣಿಗಳ ಒರಟು ಹಳದಿ ಕಲ್ಲು. ಕೆತ್ತನೆಗೆ ಗುಜರಾತಿನ ಪೋರ್‌ಬಂದರಿನಿಂದ ಹಡಗಿನಲ್ಲಿ ಬಂದ ಬೆಣ್ಣೆ ಬಣ್ಣದ ಮೆತ್ತನೆ ಕಲ್ಲು. ಕಿಟಕಿಗಳ ಕಮಾನು ಚೂಪು, ಇಗರ್ಜಿಯದರ ಹಾಗೆ. ಅವುಗಳ ಮುಂದೆ ಮಳೆಗೆಂದು ಮರದ ಚಜ್ಜ, ನಮ್ಮ ಮನೆಗಳದರ ಹಾಗೆ. ವಿಲಾಯತಿಯಲ್ಲಿ ಕೂತವನು ನಕ್ಷೆ ಬರೆದ, ಇಲ್ಲಿಯ ಮಳೆ ನೋಡಿದವನು ಅದನ್ನು ತಿದ್ದಿದ ಎಂದು ನೇಹಾ ಹೇಳಿದಳು. ನನಗೆ ಅದು ಸೊಸೆಯ ಅಡುಗೆಗೆ ಅತ್ತೆ ಉಪ್ಪು ಹಾಕಿದ ಹಾಗೆ ಕೇಳಿಸಿತು. ರುಚಿ ಕೆಟ್ಟಿರಲಿಲ್ಲ.

ಎರಡನೆಯ ಮಾಳಿಗೆಯಲ್ಲಿ ಕಂಬದ ತಲೆಯ ಕೆತ್ತನೆಯನ್ನು ತೋರಿಸಿ ತನ್ನ ಪಟ್ಟಿಯಲ್ಲಿ ಓದಿದಳು, "ಕಮಲದ ಮೊಗ್ಗು."

ನಾನು ಕನ್ನಡಕ ಏರಿಸಿ ನೋಡಿದೆ. "ಯಾರ್ ಹೇಳದ್ದ್ ಕಮಲ ಅಂದೇಳಿ? ಅದ್ ಬಾಳೆ ಹೂ. ಕಾಣ್, ಒಂದ್ ಎಸಳ್ ಬಿಡ್ಸಿಕೊಂಡಿತ್ತ್, ಅಡಿಯಂಗೆ ಸಣ್ಣ ಸಣ್ಣ ಕಾಯಿ ಸಾಲ್. ಇದ್ರ ಪಲ್ಯ ಮಾಡುಕೆ ಮೊದ್ಲ್ ನಾರ್ ತೆಗಿಕ್."

ಅವಳು ಏಣಿ ತರಿಸಿ ಹತ್ತಿ ನೋಡಿದಳು. ಕಾಯಿಗಳ ಸಾಲು ಇತ್ತು. ಇಳಿದು ಬಂದು ಕಮಲವನ್ನು ಹೊಡೆದು ಬಾಳೆ ಹೂ ಎಂದು ಬರೆದಳು. ಪಲ್ಯದ ವಿಷಯವನ್ನೂ ಬದಿಯಲ್ಲಿ ಬರೆದುಕೊಂಡಳು.

ಅಲ್ಲಿಂದ ನನಗೆ ಸ್ವಲ್ಪ ಕೊಬ್ಬು ಬಂತು. ಶೀನಮಾವನ ಕಥೆಗಳು ಒಂದರ ಬೆನ್ನಿಗೊಂದು ಹೊರಬಿದ್ದವು. ಈ ಬಿಲ್ಡಿಂಗಿನಲ್ಲಿ ಒಂದು ಕಂಬ ಶೀರ್ಷಾಸನ ಹಾಕಿ ನಿಂತಿದೆ ಎಂದು ಮಾವ ಹೇಳುತ್ತಿದ್ದ ಎಂದೆ. ನೇಹಾ ನಿಂತಳು. ಕಬ್ಬಿಣದ ಕಂಬಗಳೆಲ್ಲ ಹಡಗಿನಲ್ಲಿ ಬಿಡಿಬಿಡಿಯಾಗಿ, ನಂಬರು ಹಾಕಿಸಿಕೊಂಡು ಬಂದವು; ಇಲ್ಲಿ ಜೋಡಿಸಿದರು. ಎರಡು ತಿಂಗಳು ಅಳೆದರೂ ಅವಳಿಗೆ ತಲೆಕೆಳಗಾದದ್ದು ಕಂಡಿರಲಿಲ್ಲ. ಮೂವರೂ ಮೂರನೆಯ ಮಾಳಿಗೆಯ ಓಣಿಯಲ್ಲಿ ಹುಡುಕಿದೆವು. ಹಳೆಯ ಫೈಲುಗಳ ಗೋಪುರವೊಂದರ ಹಿಂದೆ ಅದು ಇತ್ತು. ಉಳಿದ ಕಂಬಗಳ ಬಳ್ಳಿ ಮೇಲಕ್ಕೆ ಹಬ್ಬಿದ್ದರೆ, ಇದರ ಬಳ್ಳಿ ನೆಲಕ್ಕೆ ಇಳಿದಿತ್ತು. ನಂಬರೂ ಅಡಿಮೇಲಾಗಿತ್ತು.

ನೇಹಾ ನನ್ನ ಕೈ ಹಿಡಿದುಕೊಂಡಳು. "ಆಂಟಿ, ಯು ಆರ್ ಗೋಲ್ಡ್. ಇನ್ನೇನು ಹೇಳ್ತಿದ್ರು ನಿಮ್ಮ ಮಾವ? ನೀರಿನದ್ದು ಏನಾದ್ರೂ? ಕಾರಂಜಿ? ಒಂದು ಮುಖ ಇರ್ತದೆ, ಮೂಛ್‌ವಾಲಾ, ಮೀಸೆ ಇದ್ದದ್ದು."

ಸಿದ್ದಪ್ಪ ಲಿಫ್ಟಿನ ಬಾಗಿಲನ್ನು ಸುಮ್ಮಸುಮ್ಮನೆ ಒಮ್ಮೆ ತೆಗೆದು ಹಾಕಿದರು.

"ಇಲ್ಲೆ ಮಗಾ. ನೀರಿಂದೆಲ್ಲ ಮಾವ ಹೇಳಲಿಲ್ಲೆ," ಎಂದೆ.

ಸುಳ್ಳಲ್ಲ ಅದು. ಮಾವ ಹೇಳಿದ್ದು ಕಾಫಿಯದು. ಆದರೂ ಇಳಿಯುವಾಗ ಲಿಫ್ಟಿನ ಆ ಪುಟ್ಟ ಬೆಂಚಿನ ಮೇಲೆ ನನಗೆ ಸರಿಯಾಗಿ ಕೂರಲಾಗಲಿಲ್ಲ.

ಲಕ್ಷ್ಮಿಯ ಪಾದ

ಬುಧವಾರ ಬೆಳಿಗ್ಗೆ ಅಜ್ಜನ ಕಾಫಿ ಮುಗಿದು ಕ್ಯಾಲೆಂಡರು ತೂಗುಹಾಕಿದ ಮೇಲೆ ನಾನು ಒಂದು ವಿಷಯ ಗಮನಿಸಿದೆ. ಬಾಯಿಂದ ಜಿನುಗುವ ಕಾಫಿ ಕಾಗದಕ್ಕೆ ಹತ್ತಿ, ಲಕ್ಷ್ಮಿಯ ಪಾದದಿಂದ ಮೊಣಕಾಲಿನವರೆಗೆ ಕಂದು ಕಲೆ ಏರಿತ್ತು. ಸೊಂಟಕ್ಕೆ ಬರುವ ಮೊದಲು ಶುಕ್ರವಾರ ಬಂದರೆ ಸಾಕಿತ್ತು.

"ಒಂದ್ ಎರಡ್ ದಿನ ಅಜ್ಜಂಗೆ ಬಿಡುಕಾತಿಲ್ಯಾ?" ಎಂದು ಕೇಳಿದೆ.

ಮಂಜುನಾಥ ನನ್ನನ್ನು ನೋಡಿದ ನೋಟದಲ್ಲಿ ನಾನು ಅವನಿಗೆ ಅಕ್ಕನೇ ಅಲ್ಲ. "ಮಾವ ಜ್ವರದಂಗೂ ಬಿಡ್ಲಿಲ್ಲ. ನಾ ಬಿಡುದಾ?"

ನಿಜವೇ. ಆ ಪದ್ಧತಿ ಹುಟ್ಟಿದ ಕಥೆಯನ್ನು ಮಾವ ಒಂದೇ ಸಲ ಹೇಳಿದ್ದ, ಅದೂ ನಗದೆ. ಊರು ಬಿಟ್ಟು ಬಂದ ಮೊದಲ ಬೆಳಿಗ್ಗೆ, ಪಾತ್ರೆ ತೊಳೆಯುವ ಕೆಲಸಕ್ಕೆ ಮೆಟ್ಟಿಲ ಕೆಳಗೆ ಕೂತಾಗ, ಕ್ಯಾಂಟೀನಿನ ಆಗಿನ ಯಜಮಾನ ಅವನಿಗೆ ಒಂದು ಲೋಟ ಕಾಫಿ ಕೊಟ್ಟನಂತೆ. ಹಿಂದಿನ ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಇರಲಿಲ್ಲ. ಎತ್ತಿದರೆ ಎದುರಿಗೆ ಬಾಯಿ ತೆರೆದುಕೊಂಡು ಒಂದು ಮುಖ. 'ಅವ ನಂಗಿಂತ ಹಸದಾಂಗ್ ಕಂಡ' ಎಂದ ಮಾವ. ಬಾಯಿ ತೆರೆದವನ ಎದುರು ಒಬ್ಬನೇ ಕುಡಿಯುವುದು ಹೇಗೆ? ಅರ್ಧ ಅವನಿಗೆ ಹೊಯ್ದು ಅರ್ಧ ತಾನು ಕುಡಿದ. ಆಮೇಲೆ ಕ್ಯಾಂಟೀನು ಅವನ ಕೈಗೆ ಬಂತು; ಅಜ್ಜನ ಪಾಲು ಇಡೀ ಲೋಟವಾಯಿತು.

ನೀರು ಉಗುಳಲು ಮಾಡಿದ ಬಾಯಿಗೆ ಎರಡು ತಲೆಮಾರಿನ ನಮ್ಮವರು ಕಾಫಿ ಕುಡಿಸುತ್ತ ಬಂದಿದ್ದಾರೆ ಎಂಬುದು ನೇಹಾಳ ನಕ್ಷೆ ಬರುವವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ. ನಮ್ಮ ಕಡೆ ಬಾಯಿ ತೆರೆದದ್ದು ಕಂಡರೆ ಏನು ಹಾಕುವುದೆಂದು ಯೋಚಿಸುತ್ತಾರೆಯೇ ಹೊರತು ಏನು ಬಂದೀತೆಂದು ಯೋಚಿಸುವುದಿಲ್ಲ.

ಗುರುವಾರ, ಅಂಗಡಿ ತೆರೆಯುವ ಮೊದಲು

ಗುರುವಾರ ಒಂದು ಅನಾಹುತವಾಯಿತು. ಕಾಂದಿವಲಿಯ ಲೋಕಲ್ಲು ಹೊತ್ತಿಗೆ ಸರಿಯಾಗಿ ಓಡಿತು.

ಮುಲುಂಡಿನಿಂದ ನಾವು ಬಂದು ಅರ್ಧ ಶಟರು ಎತ್ತಿ, ಒಲೆ ಹಚ್ಚಿ, ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಅಜ್ಜನ ಲೋಟವನ್ನು ಬೆರೆಸಿಯೂ ಆಗಿತ್ತು. ಮಂಜುನಾಥ ಕ್ಯಾಲೆಂಡರಿಗೆ ಕೈ ಹಾಕಿದ. ಅಷ್ಟರಲ್ಲಿ ಶಟರಿನ ಕೆಳಗಿನಿಂದ ಬಾಗಿ ನೇಹಾ ಒಳಗೆ ಬಂದಳು. ಕಣ್ಣು ಕೆಂಪಾಗಿತ್ತು. ನಾಳೆಯೇ ರಿಪೋರ್ಟು; ಮನೆಯಲ್ಲಿ ಏನೂ ತಿನ್ನದೆ ಕಾಂದಿವಲಿಯಿಂದ ನಿಂತುಕೊಂಡೇ ಬಂದಿದ್ದಳು.

"ಅಂಕಲ್, ಒಂದು ಕಾಫಿ. ಅರ್ಜೆಂಟ್."

ಮಂಜುನಾಥನ ಕೈಯಲ್ಲಿ ಹಬೆಯಾಡುವ ಲೋಟ. ಅದು ಅಜ್ಜನದು. ಅದನ್ನು ಅವಳಿಗೆ ಕೊಡುವ ಹಾಗಿಲ್ಲ. ಅವಳೆದುರು ಅಜ್ಜನಿಗೆ ಕೊಡುವ ಹಾಗೂ ಇಲ್ಲ. ಅವನು ಲೋಟವನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಹಾಲ್ ಬರ್ಲಿಲ್ಲ," ಎಂದ.

ಅದೇ ಹೊತ್ತಿಗೆ ಕೌಂಟರಿನ ಬದಿಗೆ ನಿಂತಿದ್ದ ಸಿದ್ದಪ್ಪ ಸಹಾಯ ಮಾಡುವ ಉಮೇದಿನಲ್ಲಿ, "ಹಾಲು ಒಡದಾವ್ರಿ ಮೇಡಂ," ಎಂದರು.

ಒಲೆಯ ಮೇಲೆ ಹಾಲು ಉಕ್ಕಿ ಸೊರ್ ಎಂದು ಸುರಿಯಿತು. ನಾಲ್ವರೂ ಅದನ್ನು ನೋಡಿದೆವು.

"ಬ್ಲ್ಯಾಕ್ ಚಲೇಗಾ ಅಂಕಲ್."

"ಡಿಕಾಕ್ಷನ್ ಇಳಿಲಿಲ್ಲ." ಇಡೀ ಮೆಟ್ಟಿಲ ಬುಡ ಕಾಫಿಯ ಪರಿಮಳದಿಂದ ತುಂಬಿತ್ತು.

ಅವಳು ನನ್ನನ್ನು ನೋಡಿದಳು. ನಾನು ಇಡ್ಲಿ ಅಟ್ಟೆಗಳನ್ನು ಎಣಿಸತೊಡಗಿದೆ. ಏಳು ಇದ್ದವು. ಮತ್ತೊಮ್ಮೆ ಎಣಿಸಿದೆ.

ನೇಹಾ ಬೆಂಚಿನ ಮೇಲೆ ಕೂತಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಸುಸ್ತಾಗಿತ್ತು ಅಷ್ಟೇ. "ಸರಿ. ಒಂದು ಗ್ಲಾಸ್ ನೀರು ಕೊಡಿ," ಎಂದಳು.

ಮಂಜುನಾಥ ಅಲ್ಲಾಡಲಿಲ್ಲ. ಅಜ್ಜನ ಪಾಲು ಆಗದೆ ಒಂದು ಹನಿಯೂ ಕೌಂಟರು ದಾಟುವ ಹಾಗಿಲ್ಲ. ಮಾವನ ಮಾತಿನಲ್ಲಿ ನೀರಿಗೆ ರಿಯಾಯಿತಿ ಇರಲಿಲ್ಲ.

"ನೀರು..." ಎಂದ. "ನೀರು ಸ್ವಲ್ಪ..."

"ನೀರೂ ಇಲ್ವಾ?"

ನಮ್ಮ ಮನೆಯಲ್ಲಿ ಹಗೆಯವನು ಬಂದರೂ ಜಗಲಿಯಲ್ಲಿ ಕೂರಿಸಿ, ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು, ಜಗಳ ಆಮೇಲೆ. ನಮ್ಮ ಅಜ್ಜಿ ಜಗಳವನ್ನೂ ಚೆನ್ನಾಗಿಯೇ ಆಡುತ್ತಿದ್ದಳು, ಆದರೆ ಬೆಲ್ಲ ಮುಗಿಯುವವರೆಗೆ ಕಾಯುತ್ತಿದ್ದಳು. ಬಾಯಾರಿ ಬಂದವಳಿಗೆ ನೀರಿಲ್ಲ ಎನ್ನುವ ಮಾತು ನನ್ನ ತಮ್ಮನ ಬಾಯಲ್ಲಿ ಅರ್ಧ ಬಂದು ನಿಂತಿತ್ತು. ಪೂರ್ತಿ ಬರುವುದನ್ನು ಕೇಳಲು ನನಗೆ ಮನಸ್ಸಾಗಲಿಲ್ಲ.

"ಮಂಜ," ಎಂದೆ, "ಲೋಟ ಕೊಡ್ ಇಲ್ಲಿ."

"ಅಕ್ಕ, ಬೇಡ."

"ಕೊಡ್."

ಅವನು ಕೊಟ್ಟ. ನಾನು ಇಡ್ಲಿ ಅಟ್ಟೆಗಳನ್ನು ಬದಿಗೆ ಸರಿಸಿ, ಲಕ್ಷ್ಮಿಗೆ ಕೈಮುಗಿದು, ಕ್ಯಾಲೆಂಡರನ್ನು ಮೊಳೆಯಿಂದ ತೆಗೆದೆ. ಅಜ್ಜನ ಬಾಯಿಗೆ ಕಾಫಿ ಹೊಯ್ದೆ. ಗಲ್ಲದಿಂದ ಇಳಿದದ್ದನ್ನು ಸೆರಗಿನಿಂದ ಒರೆಸಿದೆ. ಆಮೇಲೆ ಒಂದು ಲೋಟ ನೀರು ತುಂಬಿ, ಬೆಲ್ಲದ ಡಬ್ಬಿಯಿಂದ ಒಂದು ಚೂರು ತೆಗೆದು ಎರಡನ್ನೂ ನೇಹಾಳ ಮುಂದೆ ಇಟ್ಟೆ.

"ಕುಡಿ ಮಗಾ. ಈಗ ಕುಡಿಲಕ್ಕ್."

ಅವಳು ಕುಡಿಯಲಿಲ್ಲ. ಎದ್ದು ಬಂದು ಅಜ್ಜನ ಮುಖಕ್ಕೆ ಮುಖ ಕೊಟ್ಟು ನಿಂತಳು. ಬ್ಯಾಗಿನಿಂದ ನಕ್ಷೆ ತೆಗೆದು ಅವನ ಕೆನ್ನೆಯ ಪಕ್ಕ ಹಿಡಿದಳು. ಮುರಿದ ಮೀಸೆಯನ್ನು ಬೆರಳಿನಿಂದ ಮುಟ್ಟಿದಳು. ಆ ಬೆರಳನ್ನು ಅವನ ಬಾಯೊಳಗೆ ಹಾಕಿದಳು. ಅರ್ಧ ಬೆರಳು ಹೋಗಿ ನಿಂತಿತು.

"ಇದರಲ್ಲಿ ಏನು ತುಂಬಿದೆ?"

"ಕಾಫಿ," ಎಂದ ಮಂಜುನಾಥ, ತಪ್ಪೊಪ್ಪಿಕೊಳ್ಳುವವನ ಹಾಗೆ. "ದಿನಾ ಒಂದ್ ಲೋಟ."

"ಎಷ್ಟು ದಿನದಿಂದ?"

"ಮಾವನ ಕಾಲದಿಂದ."

ಸಿದ್ದಪ್ಪ ಲಿಫ್ಟಿಗೆ ಗ್ರೀಸು ಹಾಕುವ ಉದ್ದನೆಯ ತಂತಿಯನ್ನು ತಂದು ಅಜ್ಜನ ಬಾಯೊಳಗೆ ತೂರಿ ತಿರುವಿದರು. ಜೋನಿ ಬೆಲ್ಲ ಗಟ್ಟಿಯಾದ ಹಾಗೆ ಕಪ್ಪಗಿನ ಒಂದು ಗಡ್ಡೆ ಜಾರಿ ತೊಟ್ಟಿಗೆ ಬಿತ್ತು. ಅದರ ಹಿಂದೆ ಇನ್ನೊಂದು. ಅದರ ಹಿಂದಿನಿಂದ, ಗಂಟಲಿನ ಆಳದಲ್ಲಿ, ಸೀಸದ ಕೊಳವೆಯ ಬಾಯಿ ಮಿನುಗಿತು.

"ಅಜ್ಜಾರಿಗೆ ಮಲಬದ್ಧತೆ ಆಗಿತ್ರೀ," ಎಂದರು ಸಿದ್ದಪ್ಪ, ಬಹಳ ಗಂಭೀರವಾಗಿ.

ನೇಹಾ ಬೆಂಚಿನ ಮೇಲೆ ಕುಸಿದು ನಕ್ಕಳು. ನಗು ನಿಲ್ಲಿಸಲು ನೀರು ಕುಡಿದಳು, ಅದು ನೆತ್ತಿಗೆ ಹತ್ತಿತು. ನಾನು ತಲೆ ತಟ್ಟಿದೆ. ನಾವೂ ನಕ್ಕೆವು. ಎಲ್ಲರಿಗಿಂತ ಮೊದಲು ನಗು ನಿಂತದ್ದು ಮಂಜುನಾಥನದು. ಅವನು ಶೀನಮಾವನ ಕಾಲದ ದೋಸೆಕಲ್ಲನ್ನು ನೋಡುತ್ತಿದ್ದ. ಅದು ಸರಿಯಾಗಿ ಅಜ್ಜನ ಎದುರಿಗಿತ್ತು.

"ಅಂಕಲ್," ಎಂದಳು ನೇಹಾ ಮೆಲ್ಲಗೆ, "ನನಗೆ ಬರೀಬೇಕಾಗ್ತದೆ. ಸುಳ್ಳು ಬರೀಲಿಕ್ಕೆ... ನಹೀಂ ಲಿಖ್ ಸಕ್ತಿ."

ಅವನು ಬಟ್ಟೆಯಿಂದ ಕೌಂಟರು ಒರೆಸಿ, ಹೊಸದಾಗಿ ಒಂದು ಕಾಫಿ ಬೆರೆಸಿ, ನೊರೆ ಬರುವ ಹಾಗೆ ಎತ್ತರದಿಂದ ಹೊಯ್ದು ಅವಳ ಮುಂದೆ ಇಟ್ಟ.

"ಬರಿ ಮಗಾ," ಎಂದ. "ಬಿಸಿ ಇರುವಾಗ್ಳೇ ಕುಡಿ."

ಹಿಂದಿರುಗುವ ದಿನ

ಶನಿವಾರ ನಾನು ಹೊರಟೆ. ಗೇಟಿನ ಕಾವಲುಗಾರ ಅದೇ ರಿಜಿಸ್ಟರಿನಲ್ಲಿ 'ಎಲ್ಲಿಗೆ' ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಮತ್ತೆ 'ಫಾರಿನ್' ಎಂದೇ ಬರೆದ. ಸಿದ್ದಪ್ಪ ಲಿಫ್ಟಿನ ಎಡಗಡೆ ಒಂದು ಸಲ ನನ್ನ ಕೈಯಿಂದಲೇ ತಟ್ಟಿಸಿದರು. ಅದು ಹೊರಟಿತು. ಅಷ್ಟು ಮರ್ಯಾದೆ ನನಗೆ ನಮ್ಮೂರಿನಲ್ಲೂ ಸಿಕ್ಕಿಲ್ಲ.

ಮಂಜುನಾಥ ಸ್ಟೇಷನ್ನಿಗೆ ಬಂದಿದ್ದ. ದಾರಿಯುದ್ದಕ್ಕೂ ನನ್ನ ಚೀಲ ಹೊತ್ತ, ಮಾತು ಕಡಿಮೆ. ರೈಲು ಅಲುಗಿದಾಗ ನಾನು ಕಿಟಕಿಯಿಂದ, "ಸಿಟ್ಟ್ ಬಂದಿತ್ತಾ ಮಂಜ?" ಎಂದೆ.

"ಬಂದಿತ್ತ್," ಎಂದ. "ನೀರ್ ನೀ ಕೊಡ್ದಿದ್ರೆ ನಾನೇ ಕೊಡ್ತಿದ್ದೆ. ಸ್ವಲ್ಪ ತಡ ಆತಿತ್ತ್, ಅಷ್ಟೇ."

ನೇಹಾಳ ರಿಪೋರ್ಟಿನಲ್ಲಿ ಕಾರಂಜಿ ಸಿಕ್ಕಿತು ಎಂದಿತ್ತು. ಅದರ ಮುಂದಿನದೆಲ್ಲ ತೆರವಾಗಬೇಕು ಎಂದೂ ಇತ್ತು. ಜೊತೆಗೆ, ಅದನ್ನು ಇಷ್ಟು ವರ್ಷ ಒಡೆಯದೆ, ಬಣ್ಣ ಬಳಿಯದೆ, ದಿನಕ್ಕೊಮ್ಮೆ ಮುಖ ಒರೆಸಿ ಕಾಪಾಡಿದವರು ಯಾರೆಂದು ಮೂರು ಪುಟ ಬರೆದಿದ್ದಳಂತೆ. ಮಾಲೀಕರು ಕ್ಯಾಂಟೀನನ್ನು ಅಲ್ಲೇ ಪಕ್ಕದ ಹಳೆಯ ಮೀಟರು ಕೋಣೆಗೆ ಸರಿಸಿದರು. ಕೋಣೆ ಸಣ್ಣದು. ದೋಸೆಕಲ್ಲಿಗೆ ಅಲ್ಲಿ ಜಾಗವಾಗಲಿಲ್ಲ. ಅದು ಈಗ ಮುಲುಂಡಿನ ಬಾಲ್ಕನಿಯಲ್ಲಿ ಗೋಡೆಗೆ ಒರಗಿ ನಿಂತಿದೆ. ಇಡ್ಲಿ, ಕಾಫಿ ಉಳಿದವು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮಂಜುನಾಥ ಫೋನು ಮಾಡಿದ. ತಾರಸಿಯಿಂದ ಹೊಸ ಪೈಪು ಎಳೆದು ಅಜ್ಜನ ಬಾಯಿಗೆ ನೀರು ಬಿಟ್ಟಿದ್ದರಂತೆ. ಮೊದಲ ಕಾಲು ಗಂಟೆ ಕಂದು ನೀರು ಬಂತಂತೆ, ಕಾಫಿಯ ವಾಸನೆಯದು. ಸಿದ್ದಪ್ಪ ಒಂದು ಬೊಗಸೆ ಕುಡಿದು, ಸಕ್ಕರೆ ಕಡಿಮೆ ಎಂದರಂತೆ. ಆಮೇಲೆ ತಿಳಿ ನೀರು ಬಂತು.

"ಮತ್ತೆ ಇವತ್ತಿನ ಮೊದಲ ಲೋಟ ಎಂತ ಮಾಡ್ದೆ?" ಎಂದು ಕೇಳಿದೆ.

ಅವನು ಎಂದಿನಂತೆ ಬೆರೆಸಿ ತಂದು ಅಜ್ಜನ ಎದುರು ನಿಂತನಂತೆ. ಬಾಯಿಂದ ನೀರು ಬರುತ್ತಿತ್ತು, ಹೊಯ್ಯಲು ಎಡೆಯಿರಲಿಲ್ಲ. ಕೊರಿಯರಿನವನೊಬ್ಬ ಹೆಲ್ಮೆಟನ್ನು ಕಂಕುಳಲ್ಲಿ ಇಟ್ಟುಕೊಂಡು, ಬಗ್ಗಿ, ಆ ನೀರನ್ನು ಕುಡಿದು, ಬಾಯಿ ಒರೆಸಿಕೊಳ್ಳುತ್ತ ತಲೆ ಎತ್ತಿದ. ಮಂಜುನಾಥ ಲೋಟವನ್ನು ಅವನ ಕೈಗೆ ಕೊಟ್ಟ. ಅವನು ಆಚೀಚೆ ನೋಡಿ, ನಿಂತಲ್ಲೇ ಕುಡಿದು, ಲೋಟವನ್ನು ಅಜ್ಜನ ನೀರಿನಲ್ಲಿ ತೊಳೆದಿಟ್ಟು, ಪಾರ್ಸಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದನಂತೆ.